ಮೂವತ್ತು ವರ್ಷದ ಹನ್ನೊಂದು ನೋಟ್‌ಬುಕ್: ಕನ್ನಡದಲ್ಲಿ ಟೈಪ್ ಮಾಡಿ ಹಾಕಿದರೆ ಯಾರಿಗಾದರೂ ಬೇಕಾ?

ಕ್ಯಾತ್ಸಂದ್ರದವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ನಿಮ್ಮ ಅಭಿಪ್ರಾಯ ಹೇಳಿ.

ಹೋದ ವಾರ ಮನೆಗೆ ಸುಣ್ಣಬಣ್ಣ ಮಾಡಿಸೋಣ ಅಂತ ಅಟ್ಟ ಖಾಲಿ ಮಾಡಿಸಿದೆ. ಟ್ರಂಕಿನಲ್ಲಿ ನನ್ನ ಹನ್ನೊಂದು ಲಾಂಗ್ ನೋಟ್‌ಬುಕ್ ಸಿಕ್ಕಿದವು. 1995ರಿಂದ ಕಂಪ್ಯೂಟರ್ ಕೆಲಸದಲ್ಲಿ ಕಂಡ ಒಂದೊಂದು ತೊಂದರೆಯನ್ನೂ ಅವುಗಳಲ್ಲಿ ಬರೆದಿಟ್ಟಿದ್ದೇನೆ. ಎಡಗಡೆ ಪುಟದಲ್ಲಿ ಏನಾಯಿತು. ಬಲಗಡೆ ಪುಟದಲ್ಲಿ ಯಾಕಾಯಿತು, ಏನು ಮಾಡಿದೆ. ಕಮಾಂಡ್ ಮಾತ್ರ ಇಂಗ್ಲಿಷಿನಲ್ಲಿ, ಮಿಕ್ಕಿದ್ದೆಲ್ಲ ಕನ್ನಡದಲ್ಲಿ.

ನಾನು ಈ ಕೆಲಸಕ್ಕೆ ಬಂದದ್ದು ಟೈಪಿಂಗ್ ದಾರಿಯಿಂದ. 1993ರಲ್ಲಿ ಪಿಯುಸಿ ಮುಗಿಸಿ ತುಮಕೂರು ಅಶೋಕ ರಸ್ತೆ ಹತ್ತಿರ ಕನ್ನಡ ಟೈಪಿಂಗ್‌ಗೆ ಸೇರಿದ್ದೆ. ಆ ವರ್ಷ ಅವರು ಎರಡು ಕಂಪ್ಯೂಟರ್ ತಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಹಾರ್ಡ್ ಡಿಸ್ಕ್ ಇರಲಿಲ್ಲ. ಒಂದು ಫ್ಲಾಪಿ ಹಾಕಿ ಡಾಸ್ (ಆಗಿನ ಆಪರೇಟಿಂಗ್ ಸಿಸ್ಟಂ) ಶುರು ಮಾಡಬೇಕು, ಅದನ್ನು ತೆಗೆದು ಡಿಬೇಸ್ (ಪಟ್ಟಿ, ಲೆಕ್ಕ ಇಡುವ ಪ್ರೋಗ್ರಾಂ) ಫ್ಲಾಪಿ ಹಾಕಬೇಕು. ವಾರಕ್ಕೆ ಮೂರು ಗಂಟೆ ಸಿಗುತ್ತಿತ್ತು. ಮಿಕ್ಕ ದಿನ ಪ್ರೋಗ್ರಾಮನ್ನು ಹಾಳೆ ಮೇಲೆ ಬರೆದು, ಹಾಳೆ ಮೇಲೇ ಓಡಿಸಿ ನೋಡುತ್ತಿದ್ದೆ.

ಮೊದಲ ನಿಜವಾದ ಪ್ರೋಗ್ರಾಂ ನಮ್ಮೂರ ಹಾಲಿನ ಡೈರಿಗೆ. ಲೀಟರ್, ಫ್ಯಾಟ್, ದರ, ಮೇವಿನ ಸಾಲ ಕಳೆದು ಬಟವಾಡೆ. ಕಾರ್ಯದರ್ಶಿಗಳು ಎರಡು ರಾತ್ರಿ ಕೂತು ಮಾಡುತ್ತಿದ್ದ ಲೆಕ್ಕ ಮುಕ್ಕಾಲು ಗಂಟೆಯಲ್ಲಿ ಪ್ರಿಂಟ್ ಆಯಿತು. ಅವತ್ತು ನನಗಾದ ಸಂತೋಷ ಈಗಲೂ ನೆನಪಿದೆ. ಅದೇ ಪ್ರೋಗ್ರಾಮಿನಲ್ಲಿ ವರ್ಷವನ್ನು ಎರಡೇ ಅಂಕಿಯಲ್ಲಿ ಇಟ್ಟಿದ್ದೆ. 1999ರ ಕೊನೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಿ ನೋಡಿದರೆ 00 ಬಂದು 99ಕ್ಕಿಂತ ಮೇಲೆ ಕೂತಿತು. ಹಳೇ ಬಾಕಿಯೆಲ್ಲ ತಲೆಕೆಳಗು. ಅದು ಎರಡನೇ ನೋಟ್‌ಬುಕ್ಕಿನಲ್ಲಿದೆ.

1998ರಿಂದ ಬೆಂಗಳೂರಿನಲ್ಲಿ ಸಿಸ್ಟಂ ಅಡ್ಮಿನ್ ಕೆಲಸ, ಅಂದರೆ ಸರ್ವರ್ ನೋಡಿಕೊಳ್ಳುವುದು. ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಬರುತ್ತಿದ್ದ ಲಿನಕ್ಸ್ ಸಿಡಿಯಿಂದಲೇ ಲಿನಕ್ಸ್ (ವಿಂಡೋಸ್ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕಲಿತೆ. ದಿನಾ ರೈಲಿನಲ್ಲಿ 70 ಕಿಲೋಮೀಟರ್ ಹೋಗಿ ಬರುವುದು. ಮ್ಯಾನ್ ಪೇಜ್‌ಗಳನ್ನು, ಅಂದರೆ ಕಮಾಂಡುಗಳ ಕೈಪಿಡಿ ಪುಟಗಳನ್ನು, ಪ್ರಿಂಟ್ ತೆಗೆದು ರೈಲಿನಲ್ಲಿ ಓದುತ್ತಿದ್ದೆ. 2020ರಿಂದ ಮನೆಯಿಂದಲೇ ಕೆಲಸ.

ಈಗ ಮಗಳು ಡಿಪ್ಲೊಮಾ ಓದುತ್ತಿದ್ದಾಳೆ. ನೋಟ್‌ಬುಕ್ ತಿರುವಿ ಹಾಕಿ, "ಅಪ್ಪಾ, ಇದನ್ನ ಟೈಪ್ ಮಾಡು, ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಬೇಕು" ಅಂದಳು. ನನ್ನ ಜೊತೆ ಕೆಲಸ ಮಾಡುವವರು "ಈಗೆಲ್ಲ ಕ್ಲೌಡ್, ಹಳೇ ರಿಪೇರಿ ಕಥೆ ಯಾರು ಓದುತ್ತಾರೆ" ಅಂತಾರೆ. ನೀವೇನು ಹೇಳುತ್ತೀರಿ?

ಗುಬ್ಬಿಗೂಡು

ಅಣ್ಣ, ಮೊದಲು ಹನ್ನೊಂದಕ್ಕೂ ಫೋಟೊ ತೆಗೆದಿಡಿ. ಮಿಕ್ಕ ಮಾತು ಆಮೇಲೆ. ನಮ್ಮ ತಾತನ ಲೆಕ್ಕದ ಪುಸ್ತಕವೆಲ್ಲ ಗೆದ್ದಲು ತಿಂದು ಹೋಯಿತು.

ಮಾಲೂರು ಲೋಕಲ್

ಬೇಜಾರು ಮಾಡಿಕೊಳ್ಳಬೇಡಿ ಸರ್, ಮನಸ್ಸಿನಲ್ಲಿ ಇದ್ದದ್ದು ಹೇಳುತ್ತೇನೆ. ನಾನು ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಾವು ಸರ್ವರ್ ಒಳಗೆ ಲಾಗಿನ್ ಆಗುವುದೇ ಇಲ್ಲ. ಕೆಟ್ಟರೆ ಬಿಸಾಕಿ ಹೊಸದು ಎಬ್ಬಿಸುತ್ತೇವೆ, ಒಂದು ನಿಮಿಷದ ಕೆಲಸ. ಯಾಕೆ ಕೆಟ್ಟಿತು ಅಂತ ಕೂತು ನೋಡೋಕೆ ಸಮಯವೂ ಇಲ್ಲ, ಅಗತ್ಯವೂ ಇಲ್ಲ. ಮಕ್ಕಳಿಗೆ ಟೆರಾಫಾರ್ಮ್, ಕುಬರ್ನೆಟಿಸ್ ಥರದ, ಸರ್ವರ್ ಕೆಲಸವನ್ನು ತಾನಾಗಿ ನಡೆಸುವ ಸಾಧನಗಳನ್ನು ಕಲಿಸಿ. ಕೆಲಸ ಸಿಗುತ್ತದೆ. 1995ರ ಫ್ಲಾಪಿ ಕಥೆಯಿಂದ ಅವರಿಗೆ ಕೆಲಸ ಸಿಗಲ್ಲ.

ತಿಪಟೂರು ಕೊಬ್ಬರಿ

ಕುಬರ್ನೆಟಿಸ್ ಕೆಳಗೆ ಇರುವುದೂ ಲಿನಕ್ಸೇ ಅಲ್ವಾ?

ಕ್ಯಾತ್ಸಂದ್ರದವನು

@ಮಾಲೂರು ಲೋಕಲ್, ಬೇಜಾರಿಲ್ಲ. ಒಂದು ಪುಟ ಇದ್ದ ಹಾಗೇ ಹಾಕುತ್ತೇನೆ, ಓದಿ ನೀವೇ ಹೇಳಿ. ಏಳನೇ ನೋಟ್‌ಬುಕ್. ಮೊದಲು ಮೂರು ಪದ: ಕರ್ನಲ್ ಅಂದರೆ ಲಿನಕ್ಸಿನ ಒಳತಿರುಳು. ಯುಟಿಸಿ ಅಂದರೆ ಪ್ರಪಂಚಕ್ಕೆಲ್ಲ ಒಂದೇ ಆದ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಲೀಪ್ ಸೆಕೆಂಡ್ ಅಂದರೆ ಭೂಮಿ ತಿರುಗುವುದಕ್ಕೆ ಸರಿಹೊಂದಲಿ ಅಂತ ಆಗೊಮ್ಮೆ ಈಗೊಮ್ಮೆ ಗಡಿಯಾರಕ್ಕೆ ಸೇರಿಸುವ ಒಂದು ಸೆಕೆಂಡ್.

ಎಡಪುಟ: "2012 ಜುಲೈ 1, ಭಾನುವಾರ. ಬೆಳಿಗ್ಗೆ 5:40ಕ್ಕೆ ಫೋನ್. ಹದಿನಾಲ್ಕು ಸರ್ವರ್‌ಗಳ ಪೈಕಿ ಒಂಬತ್ತರಲ್ಲಿ ಸಿಪಿಯು ನೂರಕ್ಕೆ ನೂರು. ಜಾವಾ ಓಡುವ ಯಂತ್ರಗಳಲ್ಲಿ ಮಾತ್ರ. ಜಾವಾ ನಿಲ್ಲಿಸಿ ಮತ್ತೆ ಶುರು ಮಾಡಿದರೂ ಹಾಗೇ. ರೀಬೂಟ್ ಮಾಡಿದ ಒಂದು ಯಂತ್ರ ಮಾತ್ರ ಸರಿಯಾಗಿದೆ. ಉಳಿದವನ್ನು ರೀಬೂಟ್ ಮಾಡುವುದು ಬೇಡ, ಕಾರಣ ಹುಡುಕಬೇಕು."

ಬಲಪುಟ: "ಎಲ್ಲವೂ 5:30ಕ್ಕೇ ಶುರುವಾಗಿವೆ. ಅಂದರೆ ಯುಟಿಸಿ ಮಧ್ಯರಾತ್ರಿ. ಕರ್ನಲ್ ಲಾಗಿನಲ್ಲಿ ಒಂದು ಸಾಲು ಇದೆ, ಲೀಪ್ ಸೆಕೆಂಡ್ ಸೇರಿಸಿದೆ ಅಂತ. ಗಡಿಯಾರ ಒಂದು ಸೆಕೆಂಡ್ ಹಿಂದೆ ಸರಿದದ್ದು ಕರ್ನಲ್ಲಿನ ಟೈಮರ್ ಭಾಗಕ್ಕೆ ಗೊತ್ತಾಗಿಲ್ಲ. ಅದು ಒಂದು ಸೆಕೆಂಡ್ ಮುಂದೆಯೇ ಇದೆ. ಅರ್ಧ ಸೆಕೆಂಡ್ ಮಲಗುತ್ತೇನೆ ಅಂದ ಕೆಲಸವನ್ನು ಹೊತ್ತಾಯಿತು ಅಂತ ತಕ್ಷಣ ಎಬ್ಬಿಸುತ್ತಿದೆ. ಮತ್ತೆ ಮಲಗುತ್ತದೆ, ಮತ್ತೆ ಎಬ್ಬಿಸುತ್ತದೆ. ಈಗಿನ ಸಮಯವನ್ನೇ ಡೇಟ್ ಕಮಾಂಡಿನಿಂದ ಇನ್ನೊಮ್ಮೆ ಕೊಟ್ಟೆ. ಸಿಪಿಯು ಕೂಡಲೇ ಇಳಿಯಿತು. 7:25ಕ್ಕೆ ಎಲ್ಲ ಸರಿ."

ಆ ದಿನ ಪ್ರಪಂಚದ ತುಂಬ ಸರ್ವರ್‌ಗಳಿಗೆ ಇದೇ ಆಗಿತ್ತು. ಎಷ್ಟೋ ಜನ ರೀಬೂಟ್ ಮಾಡಿ ಬದುಕಿದರು. ತಪ್ಪಲ್ಲ. ಆದರೆ ಕಾರಣ ಸಿಕ್ಕಿದಾಗ ನಾನು ಇನ್ನೂ ಬನಿಯನ್ನಿನಲ್ಲೇ ಕೂತಿದ್ದೆ, ಕಾಫಿ ತಣ್ಣಗಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು.

ಮಾಲೂರು ಲೋಕಲ್

ಪುಟ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಲೀಪ್ ಸೆಕೆಂಡನ್ನೇ ಈಗ ತೆಗೆಯುತ್ತಿದ್ದಾರೆ. ಆ ಪುಟ ಓದಿ ಇವತ್ತಿನ ಹುಡುಗ ಏನು ಮಾಡಬೇಕು?

ಡಿಪ್ಲೊಮಾ ಐದನೇ ಸೆಮ್

ಈಗಾಗಲೇ ತೆಗೆದಿಲ್ಲ ಸರ್. 2035ರೊಳಗೆ ನಿಲ್ಲಿಸಬೇಕು ಅಂತ 2022ರ ನವೆಂಬರಿನಲ್ಲಿ ತೀರ್ಮಾನ ಆಗಿದೆ. ಕೊನೆಯ ಲೀಪ್ ಸೆಕೆಂಡ್ ಸೇರಿಸಿದ್ದು 2016ರ ಡಿಸೆಂಬರ್ 31ಕ್ಕೆ.

ನನಗೆ ಆ ಪುಟದಲ್ಲಿ ಇಷ್ಟ ಆಗಿದ್ದು ಲೀಪ್ ಸೆಕೆಂಡ್ ಅಲ್ಲ. "ಎಲ್ಲವೂ 5:30ಕ್ಕೇ ಶುರುವಾಗಿವೆ" ಅನ್ನುವ ಸಾಲು. ಅಲ್ಲಿಂದ ಯುಟಿಸಿಗೆ ಹೋಗಿದ್ದು. ನಾನಾಗಿದ್ದರೆ ಜಾವಾ ಒಳಗೇ ಹುಡುಕುತ್ತಿದ್ದೆ.

ಗುಬ್ಬಿಗೂಡು

ಗಡಿಯಾರದ ಮಾತು ಬಂತಲ್ಲ. 2038ರ ಜನವರಿ 19, ನಮ್ಮ ಬೆಳಿಗ್ಗೆ 8:44 ದಾಟಿ 7 ಸೆಕೆಂಡ್ ಆದ ಮೇಲೆ ಹಳೇ ಯಂತ್ರಗಳು ಸೆಕೆಂಡ್ ಎಣಿಸುವ 32 ಬಿಟ್ ಲೆಕ್ಕದಲ್ಲಿ ಜಾಗ ಮುಗಿಯುತ್ತದೆ. ಅದಕ್ಕೆ ಯಾರಾದರೂ ಈ ಹಳೇ ಪುಟಗಳನ್ನು ಓದಿರಬೇಕಾಗುತ್ತದೆ. ತೋಟದ ಮೋಟರ್ ಸ್ಟಾರ್ಟರಿನಲ್ಲಿ ಕೂತಿರುವ ಸಣ್ಣ ಬೋರ್ಡನ್ನು ಯಾರು ಬಿಸಾಕಿ ಹೊಸದು ಎಬ್ಬಿಸುತ್ತಾರೆ?

ನಂದಿ ಕಾಣುವ ಮನೆ

ನಾನು ಚಿಕ್ಕಬಳ್ಳಾಪುರದ ಕಡೆ ಒಂದು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಹದಿನಾರು ವರ್ಷ ಆಯಿತು. ದಯವಿಟ್ಟು ಟೈಪ್ ಮಾಡಿ ಅಣ್ಣ. ಕೈ ಮುಗಿದು ಕೇಳುತ್ತೇನೆ.

ನಮ್ಮಲ್ಲಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಬುದ್ಧಿ ಚುರುಕು. ಕಮಾಂಡ್ ಎಲ್ಲ ಫೋನ್ ನೋಡಿ ಹೊಡೆಯುತ್ತಾರೆ. ಆದರೆ ಯಾಕೆ ಅಂತ ಕೇಳಿದರೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಒಂದು ಸಾಲು ಹೇಳಿ ನಿಲ್ಲುತ್ತಾರೆ. ಲಿನಕ್ಸಿನಲ್ಲಿ ಫೈಲಿನ ಇನೋಡ್ ಅಂದರೇನು ಅಂತ ಮೂರು ವರ್ಷ ಹೇಳಿ ಸೋತಿದ್ದೆ. ಒಂದು ದಿನ ಪಹಣಿ ಇಟ್ಟುಕೊಂಡು ಹೇಳಿದೆ.

ಹೊಲಕ್ಕೆ ನೀವು ಹುಣಸೆಮರದ ಹೊಲ ಅನ್ನುತ್ತೀರಿ, ಪಕ್ಕದವರು ಕೆರೆಕೆಳಗಿನ ಹೊಲ ಅನ್ನುತ್ತಾರೆ. ಸರ್ವೆ ನಂಬರ್ ಒಂದೇ. ಫೈಲಿನ ಹೆಸರು ಅಂದರೆ ಹುಣಸೆಮರದ ಹೊಲ. ಇನೋಡ್ ಅಂದರೆ ಸರ್ವೆ ನಂಬರ್. ವಿಸ್ತೀರ್ಣ, ಯಾರ ಹೆಸರಲ್ಲಿದೆ, ಯಾರಿಗೆ ಹಕ್ಕಿದೆ, ಎಲ್ಲ ನಂಬರಿನ ಕೆಳಗೆ ಬರೆದಿರುತ್ತದೆ. ಹೆಸರಿನ ಕೆಳಗಲ್ಲ. ಒಂದು ಹೆಸರು ಮರೆತರೂ ಹೊಲ ಎಲ್ಲೂ ಹೋಗಲ್ಲ. ಎಲ್ಲ ಹೆಸರೂ ಹೋದರೂ ಒಳಗೆ ಯಾರೋ ಉಳುತ್ತಿದ್ದರೆ ಜಾಗ ಖಾಲಿ ಆಗಲ್ಲ. ಫೈಲ್ ಅಳಿಸಿದರೂ ಡಿಸ್ಕ್ ಜಾಗ ವಾಪಸ್ ಬಾರದೆ ಇರುವುದು ಇದಕ್ಕೇ, ಯಾವುದೋ ಪ್ರೋಗ್ರಾಂ ಅದನ್ನು ತೆರೆದುಕೊಂಡು ಕೂತಿರುತ್ತದೆ.

ಆ ಕ್ಲಾಸಿನ ಕೊನೆಯ ಬೆಂಚಿನ ಹುಡುಗ ಎದ್ದು, "ಹಾಗಾದ್ರೆ ಅಳಿಸಿದ ಫೈಲು ಇನ್ನೂ ತೆರೆದಿದ್ರೆ ವಾಪಸ್ ತೆಗೀಬಹುದಾ ಮೇಡಂ?" ಅಂದ. ತೆಗೆಯಬಹುದು! ಪ್ರೊಕ್ ಅನ್ನುವ ಫೋಲ್ಡರ್ ಒಳಗೆ ಆ ಪ್ರೊಸೆಸ್ಸಿನ (ಓಡುತ್ತಿರುವ ಪ್ರೋಗ್ರಾಮಿನ) ನಂಬರ್ ಹಿಡಿದು ಹೋದರೆ ಸಿಗುತ್ತದೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆ ಪ್ರಶ್ನೆ ಅವನಿಗೆ ಬಂದದ್ದು ಕನ್ನಡದಲ್ಲಿ ಅರ್ಥ ಆಗಿದ್ದರಿಂದ.

ಕ್ಯಾತ್ಸಂದ್ರದವನು

ಮೇಡಂ, ಇದನ್ನು ನನ್ನ ಹನ್ನೊಂದನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ನಿಮ್ಮ ಲ್ಯಾಬಿನದು ಅಂತಲೇ ಬರೆದಿದ್ದೇನೆ. ಮೂವತ್ತು ವರ್ಷದಲ್ಲಿ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ.

ತಿಪಟೂರು ಕೊಬ್ಬರಿ

ಪಹಣಿ ಅಂದ ತಕ್ಷಣ ನೆನಪಾಯಿತು. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ ಸರ್ಕಾರದ ಭೂಮಿ ಯೋಜನೆ ಶುರುವಾದ ಹೊಸದರಲ್ಲಿ ಅಪ್ಪನ ಜೊತೆ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಹದಿನೈದು ರೂಪಾಯಿ ಕೊಟ್ಟರು, ಪ್ರಿಂಟ್ ಆಗಿ ಬಂತು. ಅಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟ್ಯಾಂಡ್ ತನಕ ನಡೆದರು. ಮಡಚಲಿಲ್ಲ. ಅದಕ್ಕೆ ಮುಂಚೆ ಒಂದು ಪಹಣಿಗೆ ಎಷ್ಟು ಅಲೆದಾಟ ಅಂತ ನೋಡಿದವರಿಗೆ ಗೊತ್ತು. ನಾನು ಕಂಪ್ಯೂಟರ್ ಓದಬೇಕು ಅಂದುಕೊಂಡಿದ್ದು ಅವತ್ತು.

ಇವತ್ತು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಂಪ್ಯೂಟರ್ ಮಾತು ಒಂದೇ. "ಸರ್ವರ್ ಇಲ್ಲ, ನಾಳೆ ಬನ್ನಿ." ನಮ್ಮಜ್ಜಿಗೆ ಸರ್ವರ್ ಅಂದರೇನು ಗೊತ್ತಿಲ್ಲ, ಅದು ಇಲ್ಲದ ದಿನ ಪಿಂಚಣಿ ಇಲ್ಲ ಅಂತ ಗೊತ್ತು. ಆ ಸರ್ವರ್ ಯಾಕಿಲ್ಲ ಅಂತ ಕನ್ನಡದಲ್ಲಿ ಬರೆದದ್ದು ಎಲ್ಲಾದರೂ ಇದೆಯಾ? ಅಣ್ಣ ಬರೆಯಲಿ.

ಮಧುಗಿರಿ ಏಕಶಿಲೆ

ಬರೆಯುವುದಾದರೆ ಸರಿಯಾದ ಕನ್ನಡದಲ್ಲಿ ಬರೆಯಿರಿ ಅಂತ ನನ್ನ ವಿನಂತಿ. ಫೈಲ್‌ಗೆ ಕಡತ, ಪ್ರೊಸೆಸ್‌ಗೆ ಪ್ರಕ್ರಿಯೆ, ಕಮಾಂಡ್‌ಗೆ ಆದೇಶ. ಇಲ್ಲದಿದ್ದರೆ ಕನ್ನಡ ಬೆಳೆಯುವುದು ಹೇಗೆ?

ನಂದಿ ಕಾಣುವ ಮನೆ

ಕಡತ ಅಂದರೆ ನಮ್ಮ ಮಕ್ಕಳಿಗೆ ಕೆಂಪು ದಾರ ಕಟ್ಟಿದ ಕಚೇರಿ ಫೈಲು ಕಣ್ಣಿಗೆ ಬರುತ್ತದೆ. ಪ್ರಕ್ರಿಯೆ ಅಂದರೆ ವಿಜ್ಞಾನದ ಪಾಠ. ಫೈಲು ಈಗ ಕನ್ನಡ ಪದವೇ. ಬಸ್ಸು, ಲೈಟು ಇದ್ದ ಹಾಗೆ.

ಮಧುಗಿರಿ ಏಕಶಿಲೆ

ಮೇಡಂ, ಕೀಲಿಮಣೆ ಅನ್ನುವ ಪದವೂ ಮೊದಲು ಹೊಸದೇ ಆಗಿತ್ತು. ಬಳಸಿದ್ದಕ್ಕೆ ಬಂತು.

ಕ್ಯಾತ್ಸಂದ್ರದವನು

ಕೀಲಿಮಣೆ ನನಗೂ ಇಷ್ಟ. ಆದರೆ ನೋಟ್‌ಬುಕ್ಕಿನಲ್ಲಿ ಆ ದಿನ ಕೈಗೆ ಬಂದ ಪದವನ್ನೇ ಬರೆದಿದ್ದೇನೆ. ಫೈಲು ಅಂತಿದ್ದರೆ ಫೈಲು. "ಡಿಸ್ಕ್ ತುಂಬಿ ತುಳುಕಿದೆ" ಅಂತಿದ್ದರೆ ಹಾಗೇ. ತಿದ್ದಿದರೆ ಅದು ಆ ರಾತ್ರಿಯ ಮಾತಾಗಿ ಉಳಿಯಲ್ಲ.

ಮಾಲೂರು ಲೋಕಲ್

ನಿನ್ನೆ ನಾನು ಬರೆದದ್ದರ ಬಗ್ಗೆ ರಾತ್ರಿ ಯೋಚನೆ ಮಾಡಿದೆ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಅನ್ನುವ, ಫೈಲ್ ಕುಗ್ಗಿಸುವ ಲಿನಕ್ಸ್ ಪ್ರೋಗ್ರಾಮಿನಲ್ಲಿ ಕಳ್ಳಬಾಗಿಲು ಸಿಕ್ಕಿತಲ್ಲ, ಅದು ನೆನಪಾಯಿತು. ಆಂಡ್ರೆಸ್ ಫ್ರಾಯ್ಂಡ್ ಅನ್ನುವವರು ಹಿಡಿದದ್ದು. ಎಸ್‌ಎಸ್‌ಎಚ್ ಲಾಗಿನ್ (ದೂರದ ಯಂತ್ರದೊಳಗೆ ಹೋಗುವುದು) ಅರ್ಧ ಸೆಕೆಂಡ್ ತಡ ಆಗುತ್ತಿದೆ, ಯಾಕೆ ಅಂತ ಅವರು ಬಿಡದೆ ನೋಡಿದರು. ನಮ್ಮ ಆಫೀಸಿನಲ್ಲಿ ಆಗಿದ್ದರೆ ಆ ಯಂತ್ರ ಬಿಸಾಕಿ ಹೊಸದು ಎಬ್ಬಿಸುತ್ತಿದ್ದೆವು, ಹೊಸದರಲ್ಲೂ ಅದೇ ಕಳ್ಳಬಾಗಿಲು ಇರುತ್ತಿತ್ತು. ಆ ಮಟ್ಟಿಗೆ ನನ್ನ ಮಾತು ವಾಪಸ್. ಆದರೆ ಕುಬರ್ನೆಟಿಸ್ ಕೂಡ ಕಲಿಸಲೇಬೇಕು, ಅದನ್ನು ಬಿಡಲ್ಲ.

ಗುಬ್ಬಿಗೂಡು

ನನ್ನದೂ ಒಂದು ಪುಟ ಸೇರಿಸಿಕೊಳ್ಳಿ. ಕ್ರಾನ್‌ಟ್ಯಾಬ್ ಅಂದರೆ ಯಾವ ಕೆಲಸ ಯಾವಾಗ ತಾನಾಗಿ ಓಡಬೇಕು ಅನ್ನುವ ಪಟ್ಟಿ. ಅದನ್ನು ತಿದ್ದೋಕೆ ಮೈನಸ್ ಇ, ಪೂರ್ತಿ ಅಳಿಸೋಕೆ ಮೈನಸ್ ಆರ್. ಕೀಬೋರ್ಡಿನಲ್ಲಿ ಇ ಪಕ್ಕದಲ್ಲೇ ಆರ್. ಅಳಿಸುವಾಗ ಒಂದು ಮಾತೂ ಕೇಳಲ್ಲ. ಒಂದು ಸಂಜೆ ಬೆರಳು ಜಾರಿ ಅರವತ್ತು ಸಾಲು ಹೋಯಿತು. ಲಾಗಿನಲ್ಲಿ ಯಾವ್ಯಾವ ಕೆಲಸ ಯಾವಾಗ ಓಡಿದೆ ಅಂತ ನೋಡಿ ಒಂದೊಂದೇ ಮತ್ತೆ ಕಟ್ಟಿದೆ. ತಿಂಗಳಿಗೊಮ್ಮೆ ಓಡುವುದೊಂದು ಬಿಟ್ಟುಹೋಗಿ, ಮುಂದಿನ ತಿಂಗಳ ಒಂದನೇ ತಾರೀಖು ಗೊತ್ತಾಯಿತು.

ಚಿನ್ನದ ಗಣಿ ಹುಡುಗ

ನಾನು ಕೆಜಿಎಫ್. ತಂದೆ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು, 2001ರಲ್ಲಿ ಗಣಿ ಮುಚ್ಚುವವರೆಗೂ. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದ ಊರು ನಮ್ಮದು. ಅದಕ್ಕೇ ಕೇಳುತ್ತೇನೆ, ನಿಮ್ಮ ನೋಟ್‌ಬುಕ್ಕಿನಲ್ಲಿ ಕರೆಂಟಿನ ಪುಟ ಇಲ್ಲವಾ? ನಾನು ನೋಡಿದ ಅರ್ಧ ಕಂಪ್ಯೂಟರ್ ತೊಂದರೆ ಅರ್ಥಿಂಗ್‌ನಿಂದಲೇ.

ಕ್ಯಾತ್ಸಂದ್ರದವನು

ಇದೆ, ಬೇಕಾದಷ್ಟಿದೆ. ಮೂರನೇ ನೋಟ್‌ಬುಕ್ ಪೂರ್ತಿ ಅದೇ.

2001ರ ಏಪ್ರಿಲ್. ತುಮಕೂರಿನ ಬಟವಾಡಿ ಕಡೆ ಒಂದು ಸಣ್ಣ ಆಫೀಸು. ಬೋರ್‌ವೆಲ್ ಮೋಟರ್ ಆನ್ ಆದಾಗಲೆಲ್ಲ ಸರ್ವರ್ ರೀಬೂಟ್. ಯುಪಿಎಸ್ ಇದೆ, ಹೊಸದು. ಎರಡು ಸಲ ಪವರ್ ಸಪ್ಲೈ ಬದಲಾಯಿಸಿದೆ. ಮೂರನೇ ಸಲ ಮಲ್ಟಿಮೀಟರ್ ತಂದು ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ಹಿಡಿದೆ. ಎರಡು ವೋಲ್ಟ್ ಒಳಗೆ ಇರಬೇಕಾದದ್ದು 38 ತೋರಿಸಿತು. ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿ ನೋಡಿದರೆ ಮಣ್ಣು ಬಿರುಕು ಬಿಟ್ಟಿದೆ, ನೀರು ಕಂಡು ಎಷ್ಟು ತಿಂಗಳಾಗಿತ್ತೋ. ನಾಲ್ಕು ಬಿಂದಿಗೆ ನೀರು ಸುರಿಸಿದೆವು. ಒಂದು ಗಂಟೆ ಬಿಟ್ಟು ನೋಡಿದರೆ 6. ಮಾರನೇ ದಿನ ಇದ್ದಿಲು, ಉಪ್ಪು ಹಾಕಿ ಹೊಸದಾಗಿ ಗುಂಡಿ ಮಾಡಿಸಿದೆವು. ಒಂದೂವರೆಗೆ ಬಂತು.

ಆಮೇಲಿಂದ ಯಾವ ಹೊಸ ಜಾಗಕ್ಕೆ ಹೋದರೂ ನಾನು ಕೀಬೋರ್ಡ್ ಮುಟ್ಟುವ ಮೊದಲು ಹಿತ್ತಲಿಗೆ ಹೋಗುತ್ತಿದ್ದೆ.

ಚಿನ್ನದ ಗಣಿ ಹುಡುಗ

ಒಂದು ತಿದ್ದುಪಡಿ ಅಣ್ಣ. ಉಪ್ಪು ಗುಂಡಿಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ತಿಂದುಬಿಡುತ್ತದೆ. ಮೊದಲ ವರ್ಷ ಚೆನ್ನಾಗಿ ತೋರಿಸುತ್ತದೆ, ನಾಲ್ಕೈದು ವರ್ಷಕ್ಕೆ ಪೈಪೇ ಇರಲ್ಲ. ಈಗ ಬೆಂಟೊನೈಟ್ ಜೇಡಿ ಹಾಕುತ್ತಾರೆ, ಅದು ತೇವ ಹಿಡಿದಿಡುತ್ತದೆ. ಪುಟದ ಪಕ್ಕ ಇದನ್ನೂ ಬರೆಯಿರಿ. ಓದಿದವರು ಉಪ್ಪು ಹಾಕಿಬಿಟ್ಟಾರು.

ಕ್ಯಾತ್ಸಂದ್ರದವನು

ಸರಿಯಾದ ಮಾತು. 2007ರಲ್ಲಿ ಅದೇ ಆಫೀಸಿನ ಪೈಪ್ ತೆಗೆಸಿದಾಗ ಕೈಯಲ್ಲಿ ಪುಡಿಯಾಯಿತು. ಕಾರಣ ಈಗ ಗೊತ್ತಾಯಿತು. ನಿಮ್ಮ ಹೆಸರಲ್ಲೇ ಬರೆಯುತ್ತೇನೆ.

ಶಿಡ್ಲಘಟ್ಟ ಗೂಡು

ಇದನ್ನೆಲ್ಲ ಓದಿ ಧೈರ್ಯ ಬಂತು, ಒಂದು ಸಹಾಯ ಕೇಳುತ್ತೇನೆ. ನಮ್ಮ ತಂದೆ ಪ್ರೈಮರಿ ಸ್ಕೂಲ್ ಮೇಷ್ಟ್ರು. ರಿಟೈರ್ ಆದ ಮೇಲೆ 2003ರಲ್ಲಿ ಒಂದು ಕಂಪ್ಯೂಟರ್ ತೆಗೆದುಕೊಂಡು, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕಲಿತು, ನಮ್ಮೂರ ವಿಷಯ ಬರೆಯುತ್ತಿದ್ದರು. ರೇಷ್ಮೆ, ಕೆರೆ, ಯಾವ ಮನೆಯವರು ಎಲ್ಲಿಂದ ಬಂದರು, ಎಲ್ಲ. ಒಂದು ರಾತ್ರಿ ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತು. ರಿಪೇರಿ ಅಂಗಡಿಯಲ್ಲಿ ಎಲ್ಲ ಹೋಗಿದೆ ಅಂದರು. ಅಪ್ಪ ಮತ್ತೆ ಬರೆಯಲಿಲ್ಲ. ಅವರು ಹೋಗಿ ಆರು ವರ್ಷ. ಹಾರ್ಡ್ ಡಿಸ್ಕ್ ಮಾತ್ರ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇವೆ. 20 ಜಿಬಿ, ಅಗಲವಾದ ಪಟ್ಟಿ ಕೇಬಲಿನದು. ಏನಾದರೂ ಆಗುತ್ತದಾ?

ಮುಳಬಾಗಿಲು ದೋಸೆ

ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿ ಇಡಿ. ನಮ್ಮ ಅಣ್ಣನ ಡಿಸ್ಕ್ ಹಾಗೇ ಸರಿಯಾಗಿತ್ತು.

ಕ್ಯಾತ್ಸಂದ್ರದವನು

ಫ್ರೀಜರ್ ಬೇಡ! ದಯವಿಟ್ಟು ಬೇಡ. ತಣ್ಣಗಾದ ಡಿಸ್ಕ್ ಹೊರಗೆ ಬಂದ ಕೂಡಲೇ ಒಳಗಿನ ತಟ್ಟೆ ಮೇಲೆ ನೀರು ಹನಿ ಕಟ್ಟುತ್ತದೆ. ತಟ್ಟೆಗೂ ಅದನ್ನು ಓದುವ ಹೆಡ್ಡಿಗೂ ನಡುವೆ ಇರುವ ಜಾಗ ಕೂದಲಿಗಿಂತ ಎಷ್ಟೋ ಪಾಲು ಕಡಿಮೆ.

ಶಿಡ್ಲಘಟ್ಟದವರೇ, ನಾನು ಹೇಳಿದ ಹಾಗೆ ಮಾಡಿ. ಅವಸರ ಬೇಡ. ನಿಮ್ಮ ಪಟ್ಟಿ ಕೇಬಲಿನ ಡಿಸ್ಕಿಗೆ ಐಡಿಇ ಅನ್ನುತ್ತಾರೆ, ಐಡಿಇಯಿಂದ ಯುಎಸ್‌ಬಿ ಮಾಡುವ ಅಡಾಪ್ಟರ್ ತನ್ನಿ. 12 ವೋಲ್ಟಿನ ಬೇರೆ ಪವರ್ ಇರುವುದೇ ಬೇಕು, ಆ ಡಿಸ್ಕಿಗೆ ಯುಎಸ್‌ಬಿ ಕರೆಂಟ್ ಸಾಲಲ್ಲ. ಡಿಸ್ಕಿನ ಹಿಂದೆ ಜಂಪರ್ ಅನ್ನುವ ಸಣ್ಣ ಪ್ಲಗ್ಗು ಇರುತ್ತದೆ, ಮಾಸ್ಟರ್ ಅನ್ನುವ ಜಾಗದಲ್ಲಿ ಇರಲಿ. ಪವರ್ ಕೊಟ್ಟು ಕಿವಿ ಇಟ್ಟು ಕೇಳಿ. ಒಂದೇ ಸಮ ಗುಂಯ್ ಅಂದರೆ ಒಳ್ಳೆಯದು. ಟಕ್ ಟಕ್ ಅಂದರೆ ಕೂಡಲೇ ಆಫ್ ಮಾಡಿ, ಅದು ದೊಡ್ಡ ಲ್ಯಾಬಿನವರ ಕೆಲಸ. ಏನೂ ಸದ್ದಿಲ್ಲ ಅಂದರೆ ಸಿಡಿಲಿಗೆ ಡಿಸ್ಕಿನ ಬೋರ್ಡ್ ಹೋಗಿರಬಹುದು.

ವಿಂಡೋಸ್ ಇರುವ ಕಂಪ್ಯೂಟರಿಗೆ ಹಾಕಬೇಡಿ. ಅದು ಡಿಸ್ಕ್ ಸರಿ ಮಾಡಲಾ ಅಂತ ಕೇಳುತ್ತದೆ, ಹೂಂ ಅಂದರೆ ಅದರ ಮೇಲೇ ಬರೆಯುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿ, ಡಿಡಿ ರೆಸ್ಕ್ಯೂ ಅನ್ನುವ ಪ್ರೋಗ್ರಾಮಿನಿಂದ ಡಿಸ್ಕಿನ ಪೂರ್ತಿ ನಕಲು ಇನ್ನೊಂದು ಡಿಸ್ಕಿಗೆ ತೆಗೆಯಿರಿ. ಎಲ್ಲಿಯವರೆಗೆ ಓದಿದೆ ಅಂತ ಗುರುತಿಟ್ಟುಕೊಳ್ಳುವ ಮ್ಯಾಪ್ ಫೈಲ್ ಕೊಡುವುದು ಮರೆಯಬೇಡಿ. ಸುಲಭಕ್ಕೆ ಬರುವ ಭಾಗವನ್ನು ಅದು ಮೊದಲು ತೆಗೆದುಕೊಳ್ಳುತ್ತದೆ, ಕಷ್ಟದ ಜಾಗಕ್ಕೆ ಆಮೇಲೆ ಹೋಗುತ್ತದೆ. ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ನಕಲು ಬಂದ ಮೇಲೆ ಅಸಲು ಡಿಸ್ಕನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ ಇಡಿ. ಮುಂದಿನದ್ದೆಲ್ಲ ನಕಲಿನ ಮೇಲೆ.

ಮುಳಬಾಗಿಲು ದೋಸೆ

ಕ್ಷಮಿಸಿ, ನನಗೆ ಗೊತ್ತಿರಲಿಲ್ಲ. ನನ್ನ ಮಾತು ಕೇಳಬೇಡಿ.

ನಂದಿ ಕಾಣುವ ಮನೆ

ಶಿಡ್ಲಘಟ್ಟ ನಮಗೆ ಹತ್ತಿರ. ಅಡಾಪ್ಟರ್ ನಮ್ಮ ಲ್ಯಾಬಿನಲ್ಲಿ ಇದೆ. ಶನಿವಾರ ಮಧ್ಯಾಹ್ನ ಡಿಸ್ಕ್ ತನ್ನಿ, ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸುತ್ತೇನೆ. ಅವರೂ ಕಲಿಯಲಿ.

ತಿಪಟೂರು ಕೊಬ್ಬರಿ

ಬ್ಯಾಕಪ್ ವಿಷಯ ಅಣ್ಣನ ನೋಟ್‌ಬುಕ್ಕಿನಲ್ಲಿ ಇರಲೇಬೇಕಲ್ಲ. ಶನಿವಾರದವರೆಗೆ ಅದನ್ನು ಹೇಳಿ.

ಕ್ಯಾತ್ಸಂದ್ರದವನು

ಇದೆ. ಬರೆಯೋಕೆ ಈಗಲೂ ಕಷ್ಟ ಆಗುವ ಪುಟ.

2000ನೇ ಇಸವಿ. ಒಂದು ಆಫೀಸಿನಲ್ಲಿ ಎಂಟು ತಿಂಗಳು ಪ್ರತಿ ಸಂಜೆ ಬ್ಯಾಕಪ್ ಟೇಪ್ ಬದಲಾಯಿಸಿ, ದಿನಾಂಕ ಬರೆದು, ಕಪಾಟಿನಲ್ಲಿ ಸಾಲಾಗಿ ಇಟ್ಟೆ. ಬೆಳಿಗ್ಗೆ ಲಾಗ್ ನೋಡಿದರೆ ಎಲ್ಲ ಸರಿ ಅಂತಲೇ ಇರುತ್ತಿತ್ತು. ಡಿಸ್ಕ್ ಕೆಟ್ಟ ದಿನ ಟೇಪ್ ಹಾಕಿದರೆ ಖಾಲಿ. ಹಿಂದಿನ ದಿನದ್ದೂ ಖಾಲಿ. ಎಲ್ಲವೂ ಖಾಲಿ. ಸ್ಕ್ರಿಪ್ಟಿನಲ್ಲಿ ಟೇಪ್ ಡ್ರೈವಿನ ಹೆಸರು ಒಂದು ಅಕ್ಷರ ತಪ್ಪಿತ್ತು. ಆ ಹೆಸರಿನ ಸಾಧನ ಇರಲಿಲ್ಲ, ಹಾಗಾಗಿ ಬ್ಯಾಕಪ್ ಬರೆಯುವ ಟಾರ್ ಅನ್ನುವ ಪ್ರೋಗ್ರಾಂ ಅದೇ ಹೆಸರಿನ ಮಾಮೂಲಿ ಫೈಲ್ ಒಂದನ್ನು ಡಿಸ್ಕಿನಲ್ಲೇ ಮಾಡಿ ದಿನಾ ಅದಕ್ಕೇ ಬರೆಯುತ್ತಿತ್ತು. ಕೆಟ್ಟಿದ್ದು ಆ ಡಿಸ್ಕೇ. ಸ್ಕ್ರಿಪ್ಟ್ ಬರೆದವನು ನಾನೇ. ಹತ್ತು ದಿನ ಕೂತು ಕಾಗದದ ಬಿಲ್ಲುಗಳಿಂದ ಮತ್ತೆ ಎಲ್ಲ ಎಂಟ್ರಿ ಮಾಡಿದೆವು.

ಅಂದಿನಿಂದ ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೈಲನ್ನು ಬ್ಯಾಕಪ್‌ನಿಂದ ವಾಪಸ್ ತೆಗೆದು ತೆರೆದು ನೋಡುತ್ತೇನೆ. ಇಪ್ಪತ್ತೈದು ವರ್ಷದಲ್ಲಿ ಒಂದು ತಿಂಗಳೂ ಬಿಟ್ಟಿಲ್ಲ.

ಡಿಪ್ಲೊಮಾ ಐದನೇ ಸೆಮ್

ಸರ್, ಇದನ್ನು ಓದಿ ನನ್ನ ಪ್ರಾಜೆಕ್ಟ್ ಬ್ಯಾಕಪ್ ಈಗ ತೆರೆದು ನೋಡಿದೆ. ಜಿಪ್ ಸೊನ್ನೆ ಕೆಬಿ ಇದೆ. ಮತ್ತೆ ಮಾಡಿದೆ. ತೆರೆದೂ ನೋಡಿದೆ.

ಶಿಡ್ಲಘಟ್ಟ ಗೂಡು

ಶನಿವಾರ ಹೋಗಿ ಬಂದೆ. ಡಿಸ್ಕ್ ಗುಂಯ್ ಅಂತು! ಸುಟ್ಟಿದ್ದು ಕಂಪ್ಯೂಟರಿನ ಬೋರ್ಡ್ ಮಾತ್ರ ಅಂತ ಮೇಡಂ ಹೇಳಿದರು. ಎರಡೂವರೆ ಗಂಟೆಯಲ್ಲಿ ನಕಲು ಬಂತು, ತೀರಾ ಸ್ವಲ್ಪ ಜಾಗ ಓದೋಕೆ ಆಗಲಿಲ್ಲ. ಅಪ್ಪನ ಹೆಸರಿನ ಫೋಲ್ಡರ್ ಸಿಕ್ಕಿತು, ಒಳಗೆ 43 ಫೈಲು.

ಆದರೆ ತೆರೆದರೆ ಕನ್ನಡ ಇಲ್ಲ. ಇಂಗ್ಲಿಷ್ ಎ ಅಕ್ಷರದ ತಲೆ ಮೇಲೆ ಓರೆ ಗೆರೆ, ಪೌಂಡ್ ಗುರುತು, ಏನೇನೋ ಚಿಹ್ನೆ. ಹಾಳಾಗಿದೆ ಅನ್ನಿಸುತ್ತದೆ. ಅಷ್ಟು ದೂರ ಬಂದು ಹೀಗಾಯಿತಲ್ಲ ಅಂತ ತುಂಬಾ ದುಃಖ ಆಯಿತು.

ಕ್ಯಾತ್ಸಂದ್ರದವನು

ಹಾಳಾಗಿಲ್ಲ! ಒಂದಕ್ಷರವೂ ಹಾಳಾಗಿಲ್ಲ. ಅದು ಹಳೇ ನುಡಿ.

2003ರಲ್ಲಿ ಮನೆಗಳಲ್ಲಿ ಜಾಸ್ತಿ ಇದ್ದದ್ದು ವಿಂಡೋಸ್ 98. ಅದಕ್ಕೆ ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಕನ್ನಡ ತೋರಿಸೋಕೆ ಬರುತ್ತಿರಲಿಲ್ಲ. ಹಾಗಾಗಿ ನುಡಿ, ಬರಹ ಥರದ ಸಾಫ್ಟ್‌ವೇರ್‌ಗಳೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಪಿ ಅಕ್ಷರದ ಪಕ್ಕ ಓರೆ ಗೆರೆಯ ಎ ಬಂದರೆ ಅದು ಕ. ಪೌಂಡ್ ಗುರುತು ಬಂದರೆ ಅದು ನ. ಅಪ್ಪ ಕನ್ನಡ ಅಂತ ಬರೆದಿದ್ದರೆ ನಿಮಗೆ ಪಿ, ಎ, ಪೌಂಡ್ ಅಂತ ಶುರುವಾಗುತ್ತದೆ. ಫಾಂಟ್ ಇಲ್ಲ, ಅಷ್ಟೇ. ನುಡಿ ಫಾಂಟ್ ಹಾಕಿ ನೋಡಿ. ಆಮೇಲೆ ನುಡಿಯ ಹೊಸ ಆವೃತ್ತಿಯ ಪರಿವರ್ತಕದಿಂದ ಯೂನಿಕೋಡ್ ಮಾಡಿ.

ಶಿಡ್ಲಘಟ್ಟ ಗೂಡು

ಬಂತು. ಬಂತು ಅಣ್ಣ. ಮನೆಯವರೆಲ್ಲ ಕೂತು ಓದುತ್ತಿದ್ದೇವೆ. ಒಂದೇ ತೊಂದರೆ. ವರ್ಷ ಅನ್ನುವುದು ವಷರ್ ಅಂತ, ಕರ್ನಾಟಕ ಅನ್ನುವುದು ಕನಾರ್ಟಕ ಅಂತ ಬಂದಿದೆ. ಮೇಷ್ಟ್ರು ಹಾಗೆಲ್ಲ ತಪ್ಪು ಬರೆಯುವವರಲ್ಲ.

ಕ್ಯಾತ್ಸಂದ್ರದವನು

ಮೇಷ್ಟ್ರ ತಪ್ಪಲ್ಲ, ಪರಿವರ್ತಕದ ತಪ್ಪು. ಹಳೇ ನುಡಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರ ಆದ ಮೇಲೆ ಇಡುತ್ತಿದ್ದರು. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ, ರ್ ಮೊದಲು. ಒಳ್ಳೆ ಪರಿವರ್ತಕ ಅದನ್ನು ಎತ್ತಿ ಹಿಂದೆ ಇಡುತ್ತದೆ. ನೀವು ಬಳಸಿದ್ದು ಇಟ್ಟಿಲ್ಲ. ಒಂದು ಫೈಲ್ ನನಗೆ ಕಳಿಸಿ, ರಾತ್ರಿ ಒಂದು ಸಣ್ಣ ಪ್ರೋಗ್ರಾಂ ಬರೆದು ಕೊಡುತ್ತೇನೆ.

ಮಧುಗಿರಿ ಏಕಶಿಲೆ

ಪತ್ರಿಕೆಗಳ ಹಳೇ ವೆಬ್ ಪುಟಗಳಲ್ಲಿ ಸಕಾರ್ರ ಅಂತ ನೋಡಿ ಬರೆದವರನ್ನು ಬೈದುಕೊಂಡಿದ್ದೆ. ಕಾರಣ ಇವತ್ತು ತಿಳಿಯಿತು.

ಶಿಡ್ಲಘಟ್ಟ ಗೂಡು

ಅಣ್ಣ ಕಳಿಸಿದ ಪ್ರೋಗ್ರಾಂ ಓಡಿಸಿದೆವು. 43 ಫೈಲೂ ಸರಿಯಾಗಿವೆ. ಕರೆಂಟ್ ಬಂದ ದಿನದ ಬಗ್ಗೆ ಅಪ್ಪ ಬರೆದ ಎರಡು ಸಾಲು ಹಾಕುತ್ತೇನೆ. "ನಮ್ಮೂರಿಗೆ ವಿದ್ಯುತ್ ದೀಪ ಬಂದ ರಾತ್ರಿ ಹುಳುಮನೆಯಲ್ಲಿ ಲಾಟೀನು ಆರಿಸಲು ಯಾರಿಗೂ ಮನಸ್ಸಾಗಲಿಲ್ಲ. ಹುಳುಗಳು ಎಲೆ ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು." ಅಮ್ಮ ಇದನ್ನು ಮೂರು ಸಲ ಓದಿಸಿದರು.

ಮಾಲೂರು ಲೋಕಲ್

ಸರ್, ಟೈಪ್ ಮಾಡೋಕೆ ಕೈ ಬೇಕಾದರೆ ಹೇಳಿ. ಭಾನುವಾರ ತುಮಕೂರಿಗೆ ಬರುತ್ತೇನೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಕೂರೋಣ.

ಕ್ಯಾತ್ಸಂದ್ರದವನು

ಬನ್ನಿ, ಖಂಡಿತ ಬನ್ನಿ. ಹನ್ನೊಂದಕ್ಕೂ ಫೋಟೊ ಆಯಿತು, ಮೂರು ಕಡೆ ಇಟ್ಟಿದ್ದೇನೆ, ತೆರೆದೂ ನೋಡಿದ್ದೇನೆ. ಟೈಪಿಂಗ್ ನಿನ್ನೆ ಶುರುವಾಯಿತು. ಮಗಳು ಓದಿ ಹೇಳುತ್ತಾಳೆ, ನಾನು ಹೊಡೆಯುತ್ತೇನೆ. ಮೊದಲ ನೋಟ್‌ಬುಕ್ಕಿನ ಒಂಬತ್ತನೇ ಪುಟದಲ್ಲಿದ್ದೇವೆ.

ಚಿನ್ನದ ಗಣಿ ಹುಡುಗ

ಮೂರನೇ ನೋಟ್‌ಬುಕ್ಕಿನ ಅರ್ಥಿಂಗ್ ಪುಟ ಮೊದಲು ಹಾಕಿ ಅಣ್ಣ. ನಮ್ಮ ಕಡೆ ಗುಂಡಿಗಳೆಲ್ಲ ಆಗಲೇ ಒಣಗಿವೆ.